ಮರುಳನ ಎಲೆ, ನನ್ನ ಸ್ವಾತಂತ್ರ್ಯ

ನಮ್ಮ ಬೊಲೊನ್ಯಾದಲ್ಲಿ ಗಂಡಸಿಗೆ ಎರಡು ಸಲ ಮದುವೆಯಾಗುತ್ತದೆ. ಎರಡು ಸಲವೂ ಹೆಂಡತಿ ಒಬ್ಬಳೇ, ಕಷ್ಟವಿರುವುದು ಅಲ್ಲೇ. ಮೊದಲನೆಯ ಮದುವೆ ಚರ್ಚಿನಲ್ಲಿ, ಪಾದ್ರಿಗಳ ಮುಂದೆ. ಅಲ್ಲಿ ಸೇರಿದ ಮೇಲೆ ಮಾಡಿದ ತಪ್ಪಿಗೆ ಕ್ಷಮೆ ಉಂಟು. ಎರಡನೆಯದು ಟ್ಯಾರೋ ಮೇಜಿನ ಮುಂದೆ, ಎದುರುಬದುರು ಕುರ್ಚಿಗಳಲ್ಲಿ. ಅಲ್ಲಿ ಮಾಡಿದ ತಪ್ಪಿಗೆ ಸ್ವತಃ ಪೋಪರು ಬಂದು ಕೈ ಮುಗಿದರೂ ಕ್ಷಮೆ ಇಲ್ಲ.

ಬೇರೆ ಊರುಗಳಲ್ಲಿ ಟ್ಯಾರೋ ಎಂದರೆ ಕತ್ತಲೆ ಕೋಣೆ, ಮೇಣದ ಬತ್ತಿ, ಭವಿಷ್ಯವಾಣಿ. ನಮ್ಮಲ್ಲಿ ಅದು ಊಟವಾದ ಮೇಲೆ ಅಜ್ಜಿಯರು ಮೇಜು ಒರೆಸಿ ಆಡುವ, ಇಸ್ಪೀಟಿನಂಥ ಎಲೆಯಾಟ. ಸೂರ್ಯ, ಚಂದ್ರ, ಸೈತಾನ, ದೇವದೂತ ಎಲ್ಲರೂ ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿ, ಚಮಚಗಳ ಪಕ್ಕ, ಒಂದೇ ರಬ್ಬರ್ ಬ್ಯಾಂಡಿನ ಬಂಧನದಲ್ಲಿ ಮಲಗಿರುತ್ತಾರೆ. ಆಟಕ್ಕೆ ನಾಲ್ಕು ಜನ ಬೇಕು. ಎದುರೆದುರು ಕೂತವರು ಒಂದು ಜೋಡಿ. ಆಟದ ನಡುವೆ ಮಾತು ನಿಷಿದ್ಧ. ಜೊತೆಗಾರನಿಗೆ ಸುಳಿವು ಕೊಡಲು ಮೂರೇ ಸಂಜ್ಞೆಗಳಿಗೆ ಅಪ್ಪಣೆ: ಎಲೆಯನ್ನು ಹಾರಿಸಿ ಹಾಕಬಹುದು, ಮೇಜಿನ ಮೇಲೆ ಸವರಿ ಹಾಕಬಹುದು, ಅಥವಾ ಎಲೆ ಹಾಕಿ ಮುಷ್ಟಿಯಿಂದ ಮೇಜಿಗೆ ಗುದ್ದಬಹುದು. ಗುದ್ದಿನ ಅರ್ಥ ಇಷ್ಟು: 'ನಿನ್ನ ಕೈಯಲ್ಲಿರುವ ದೊಡ್ಡ ಎಲೆ ಹಾಕಿ ಗೆಲ್ಲು. ಗೆದ್ದ ಮೇಲೆ ಅದೇ ಜಾತಿಯ ಎಲೆಯನ್ನು ನನಗೆ ತಿರುಗಿ ಕೊಡು.' (ತಿಂಗಳ ಸಂಬಳ ತಂದು ಮನೆಯಲ್ಲಿ ಒಪ್ಪಿಸಿದ ಗಂಡಸರಿಗೆ ಈ ನಿಯಮ ಹೊಸದೇನಲ್ಲ.)

ನನ್ನ ಹೆಂಡತಿ ಆರ್ಜಿಯಾ ಗುದ್ದುವುದರಲ್ಲಿ ಊರಿಗೇ ಪ್ರಸಿದ್ಧಳು. ನಾನು ಶಾಲೆಯಲ್ಲಿ ಲ್ಯಾಟಿನ್ ಕಲಿಸುತ್ತಿದ್ದಾಗ ಒಮ್ಮೆ ಮೇಜು ತಟ್ಟಿದರೆ ತರಗತಿಯೆಲ್ಲ ಗಪ್‌ಚಿಪ್ಪಾಗುತ್ತಿತ್ತು. ಆ ವಿದ್ಯೆಯನ್ನು ನಾನು ಮನೆಯಿಂದಲೇ ಕಲಿತು ಹೋಗಿದ್ದೆ ಎಂಬುದು ಪಾಪ ಆ ಮಕ್ಕಳಿಗೆ ಗೊತ್ತಿರಲಿಲ್ಲ.

ಆಟ ನಡೆಯುವಾಗ ಅವಳು ನಿಯಮ ಮೀರುವವಳಲ್ಲ, ಬಾಯಿ ಬಿಡುವುದಿಲ್ಲ. ಆಡದ ಮಾತನ್ನೆಲ್ಲ ಉಪ್ಪಿನಕಾಯಿಯಂತೆ ಭದ್ರವಾಗಿ ಹಾಕಿಟ್ಟು, ನಾವು ಆಡಲು ಹೋಗುವ ಟ್ಯಾರೋ ಕ್ಲಬ್ಬಿನ ಬಾಗಿಲು ದಾಟಿದ ಕೂಡಲೇ ಜಾಡಿಯ ಮುಚ್ಚಳ ತೆಗೆಯುತ್ತಾಳೆ. ನಮ್ಮ ಊರಿನ ಹಿರಿಯರು ಬೀದಿಗಳಿಗೂ ಕಮಾನು ಕಟ್ಟಿ ಚಾವಣಿ ಹಾಕಿಸಿದ್ದಾರೆ. ಪುಣ್ಯಾತ್ಮರು! ಮಳೆ ಬಂದರೆ ಬೈಗುಳ ನಿಲ್ಲುತ್ತದೆಂಬ ಆಸೆಯೂ ನನ್ನಂಥವನಿಗೆ ಉಳಿದಿಲ್ಲ. ಕ್ಲಬ್ಬಿನಿಂದ ನಮ್ಮ ಮೆಟ್ಟಿಲವರೆಗೆ ಒಂದು ಹನಿಯೂ ನೆನೆಯದೆ, ಒಣಗಿದ ಮೈಯಲ್ಲೇ ಬೈಸಿಕೊಂಡು ಬರುತ್ತೇನೆ.

ಕಳೆದ ಬೇಸಿಗೆಯ ಕೊನೆಗೆ ಒಂದು ದಿನ ಹೀಗೇ ಬರುತ್ತಿದ್ದೆವು.

"ಎರ್ಮೆಸ್, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡ."

"ಕೇಳು." (ಬೇಜಾರು ಮಾಡಿಕೊಳ್ಳಬೇಡ ಎಂದವಳು ಅದಕ್ಕೆ ಬೇಕಾದ ಸಿದ್ಧತೆ ಮಾಡಿಕೊಂಡೇ ಬಂದಿರುತ್ತಾಳೆ.)

"ಚಂದ್ರನ್ನ ಕೊನೇ ತನಕ ಯಾಕೆ ಕೈಯಲ್ಲೇ ಇಟ್ಕೊಂಡಿದ್ದೆ? ಹುಣ್ಣಿಮೆ ಆಗ್ಲಿ ಅಂತಾನಾ?"

"ಮುಂದೆ ಬೇಕಾಗಬಹುದು ಅಂತ..."

"ಮುಂದೆ ಅಂದ್ರೆ ಯಾವಾಗ? ನಮ್ಮ ಸಮಾಧಿ ಮೇಲೆ ಇಡೋಕಾ? ನಾನು ಗುದ್ದಿದ್ದು ಕೇಳಿಸ್ಲಿಲ್ವಾ? ಪಕ್ಕದ ಬೀದಿ ನಾಯಿ ಎದ್ದು ಬೊಗಳ್ತು, ನಿನಗೆ ಕೇಳಿಸ್ಲಿಲ್ಲ!"

ನ್ಯಾಯವಾಗಿ ಹೇಳಬೇಕೆಂದರೆ ನನಗೆ ಕೇಳಿಸಿತ್ತು. ಕೈ ಎತ್ತಿಯೂ ಆಗಿತ್ತು. ಆದರೆ ಆ ಕ್ಷಣದಲ್ಲಿ ನನ್ನೊಳಗಿನ ವಿದ್ವಾಂಸ ಎದ್ದು ನಿಂತು, 'ಮೇಷ್ಟ್ರೆ, ತಾವೂ ಸ್ವಲ್ಪ ಯೋಚನೆ ಮಾಡಬಾರದೇ?' ಎಂದ. ಯೋಚಿಸಿದೆ. ಸೋತೆವು. ಎಷ್ಟೋ ವರ್ಷಗಳಿಂದ ನಾವು ಪ್ರತಿ ಶರತ್ಕಾಲದಲ್ಲೂ ನಮ್ಮೂರನ್ನು ಕಾಯುವ ಸಂತ ಪೆತ್ರೋನಿಯೊ ಹಬ್ಬದ ಪಂದ್ಯದಲ್ಲಿ ಆಡುತ್ತಿದ್ದೆವು. ಪ್ರತಿ ವರ್ಷವೂ ನನ್ನ ಯೋಚನೆಯ ದೆಸೆಯಿಂದ ಬೇಗನೆ ಮನೆಗೆ ಬಂದು ಬಿಸಿ ಊಟ ಮಾಡುತ್ತಿದ್ದೆವು.

ಆ ದಿನ ನನಗೆ ರೋಷ ಬಂತು. ಇಡೀ ಜನ್ಮದಲ್ಲಿ ಒಂದೇ ಒಂದು ಪಂದ್ಯವನ್ನಾದರೂ ನನ್ನ ಬುದ್ಧಿಯಿಂದ, ಯಾರ ಗುದ್ದಿನ ಹಂಗೂ ಇಲ್ಲದೆ ಆಡಿ ಮುಗಿಸಬೇಕು ಎಂಬ ಆಸೆ ಹುಟ್ಟಿತು. ಆದರೆ ಜೊತೆಗಾತಿಯನ್ನು ಬಿಡುವುದೆಂದರೆ ನಮ್ಮೂರಿನಲ್ಲಿ ಸಣ್ಣ ಮಾತಲ್ಲ. ಹೆಂಡತಿಯನ್ನು ಬಿಟ್ಟವನನ್ನು ಜನ ಎರಡು ವಾರ ಆಡಿಕೊಂಡು ಮರೆಯುತ್ತಾರೆ. ಜೋಡಿ ಮುರಿದವನ ಹೆಸರು ಕ್ಲಬ್ಬಿನ ಇತಿಹಾಸದಲ್ಲಿ ನಿಲ್ಲುತ್ತದೆ. ಧೈರ್ಯ ಸಾಲಲಿಲ್ಲ. ಧೈರ್ಯ ಸಾಲದವನು ಮಾಡುವುದನ್ನೇ ಮಾಡಿದೆ, ಭವಿಷ್ಯ ಕೇಳಲು ಹೋದೆ.

ಕ್ಷೌರದಂಗಡಿಯ ಮೇಲಿನ ಮಹಡಿಯಲ್ಲಿ ವಂದಾ ಎಂಬಾಕೆ ಟ್ಯಾರೋ ಹಾಕಿ ಹೇಳುತ್ತಾಳೆ. ನನ್ನ ಹಳೆಯ ವಿದ್ಯಾರ್ಥಿನಿ. ಲ್ಯಾಟಿನ್‌ನಲ್ಲಿ ಎರಡು ಸಲ ನಾನೇ ಅವಳನ್ನು ಫೇಲು ಮಾಡಿದ್ದೆ. ನನ್ನನ್ನು ಕಂಡು ಅವಳಿಗೆ ಗಾಬರಿಯಾಯಿತು. ಮತ್ತೆ ಪರೀಕ್ಷೆ ಮಾಡಲು ಬಂದನೆಂದುಕೊಂಡಳೋ ಏನೋ.

"ಮೇಷ್ಟ್ರೆ, ನೀವಾ! ನೀವು ಇದನ್ನೆಲ್ಲ ನಂಬಲ್ವಲ್ಲ?"

"ನಂಬೋದಿಲ್ಲಮ್ಮ. ಸುಮ್ಮನೆ ಕುತೂಹಲ. ಬಾಗಿಲು ಹಾಕು, ಯಾರಾದರೂ ನೋಡಿಯಾರು."

ಅವಳ ಎಲೆಗಳು ನಮ್ಮ ಡ್ರಾಯರಿನವುಗಳಂತೆ ಎಣ್ಣೆ ಕಲೆ ಹಿಡಿದವಲ್ಲ. ಅಂಚಿಗೆಲ್ಲ ಬಂಗಾರದ ಗೆರೆ. ಒಂದನ್ನು ಎಳೆಯಲು ಹೇಳಿದಳು. ಎಳೆದೆ. ಬಂದದ್ದು ಮರುಳ. ಕೋಲಿಗೆ ಗಂಟು ಕಟ್ಟಿ ಹೆಗಲಿಗೇರಿಸಿ, ಮುಖ ಆಕಾಶಕ್ಕೆ ಮಾಡಿ, ಬೆಟ್ಟದ ತುದಿಯಲ್ಲಿ ಹೆಜ್ಜೆ ಎತ್ತಿ ನಿಂತ ಒಬ್ಬ ಆಸಾಮಿ. ಹಿಂದಿನಿಂದ ಒಂದು ನಾಯಿ ಅವನ ಪ್ಯಾಂಟು ಹಿಡಿದು ಎಳೆಯುತ್ತಿದೆ.

ನನ್ನ ಮುಖ ಸಣ್ಣದಾಯಿತು. "ಮರುಳ ಅಂದರೆ ಹುಚ್ಚ ಅಲ್ಲವೇನಮ್ಮ?"

"ಅಯ್ಯೋ, ಇಲ್ಲ ಮೇಷ್ಟ್ರೆ! ಇದು ತುಂಬ ಒಳ್ಳೆ ಎಲೆ. ನೋಡಿ, ಬೇರೆ ಎಲ್ಲಕ್ಕೂ ನಂಬರ್ ಉಂಟು, ಇವನಿಗಿಲ್ಲ. ಇವನು ಯಾರ ಸಾಲಲ್ಲೂ ನಿಲ್ಲೋನಲ್ಲ, ಸ್ವತಂತ್ರ. ಈ ಗಂಟಲ್ಲಿರೋದು ಇಷ್ಟು ವರ್ಷ ಕಲ್ತ ವಿದ್ಯೆ. ಇದೆಯಲ್ಲ ಪ್ರಪಾತ, ಅದು ಹೊಸ ಜೀವನ. ಹೆಜ್ಜೆ ಇಡ್ಬೇಕು, ಕೆಳಗೆ ನೋಡ್ಬಾರ್ದು."

"ಈ ನಾಯಿ?"

"ಹಳೇದು. ನಮ್ಮನ್ನ ಹಿಂದಕ್ಕೆ ಎಳೆಯೋ ಅಭ್ಯಾಸ, ಸಂಬಂಧ, ಅಂಥದ್ದು."

"ಸಂಬಂಧ ಅಂದರೆ ಯಾರು?"

"ಅದನ್ನ ನಾನು ಹೇಳ್ಬಾರ್ದು ಮೇಷ್ಟ್ರೆ. ನೀವೇ ನೋಡ್ಕೊಳ್ಳಿ."

ನೋಡಿಕೊಂಡೆ. ಆ ನಾಯಿಗೊಂದು ಕನ್ನಡಕ ಹಾಕಿದರೆ ಅದು ಯಾರಂತೆ ಕಾಣುತ್ತದೆಂದು ನನಗೆ ತಕ್ಷಣ ಹೊಳೆಯಿತು. (ಆ ಹೆಸರನ್ನು ಇಲ್ಲಿ ಬರೆಯಲಾರೆ. ಈ ಲೇಖನವನ್ನು ಮೊದಲು ಓದುವವಳು ಅವಳೇ.) ಅಂಥ ಪ್ರಬುದ್ಧ ವ್ಯಾಖ್ಯಾನ ಮಾಡುವ ಹುಡುಗಿಯನ್ನು ಫೇಲು ಮಾಡಿದ್ದೆನಲ್ಲಾ ಎಂದು ಮೆಟ್ಟಿಲಿಳಿಯುವಾಗ ಮರುಗಿದೆ. ಬೀದಿಗೆ ಬಂದ ಮೇಲೆ ಮುಖವನ್ನು ಆ ಮರುಳನಂತೆಯೇ ಆಕಾಶಕ್ಕೆ ಮಾಡಿ ನಡೆದೆ. ಆಕಾಶ ಕಾಣಲಿಲ್ಲ, ಚಾವಣಿ ಕಂಡಿತು. ಒಂದು ಕಂಬಕ್ಕೂ ತಗುಲಿದೆ. ಸ್ವಾತಂತ್ರ್ಯದ ಹಾದಿಯಲ್ಲಿ ಇವೆಲ್ಲ ಇದ್ದದ್ದೇ.

ಮನೆಯಲ್ಲಿ ಆರ್ಜಿಯಾ ತಲ್ಯತೆಲ್ಲೆ ಎಂಬ ಪಟ್ಟಿ ಪಾಸ್ತಾಕ್ಕೆ ಮೊಟ್ಟೆಯ ಹಿಟ್ಟು ಲಟ್ಟಿಸುತ್ತಿದ್ದಳು. ಅವಳ ಲಟ್ಟಣಿಗೆ ನನ್ನ ಕೈಗಿಂತ ಉದ್ದ. ಸ್ವಾತಂತ್ರ್ಯ ಘೋಷಣೆಗೆ ಅದು ಪ್ರಶಸ್ತ ಮುಹೂರ್ತವಲ್ಲ ಎಂದು ಈಗ ಹೊಳೆಯುತ್ತದೆ.

"ಆರ್ಜಿಯಾ, ನನಗೆ ಮರುಳನ ಎಲೆ ಬಂತು."

"ಅದಕ್ಕೆ ಎಲೆ ಬೇರೆ ಬೇಕಿತ್ತಾ? ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?"

"ತಮಾಷೆಯಲ್ಲ. ಮರುಳ ಎಂದರೆ ಸ್ವತಂತ್ರ ಪುರುಷ. ಅವನ ಗಂಟಿನಲ್ಲಿ ವಿದ್ಯೆ ಇದೆ. ಮುಂದೆ ಪ್ರಪಾತ, ಅಂದರೆ ಹೊಸ ಜೀವನ."

"ನಮ್ಮ ಡ್ರಾಯರ್‌ನಲ್ಲೂ ಒಬ್ಬ ಮರುಳ ಇದಾನೆ. ಅವನ ಹತ್ರ ಗಂಟೂ ಇಲ್ಲ, ವಿದ್ಯೇನೂ ಇಲ್ಲ. ಡೋಲು ಬಡ್ಕೊಂಡು ಓಡಾಡ್ತಾನೆ. ಆಟದಲ್ಲಿ ಅವನ ಕೆಲ್ಸ ಏನು ಹೇಳು ನೋಡೋಣ? ಅವನು ಯಾವ ಎಲೇನೂ ಹೊಡೆಯಲ್ಲ, ಅವನನ್ನ ಯಾರೂ ಹೊಡೆಯಲ್ಲ. ಒಂದ್ಸಲ ಎದ್ದು ಮುಖ ತೋರಿಸ್ತಾನೆ, ವಾಪಸ್ ಮನೆಗೆ ಬಂದು ಕೂತ್ಕೋತಾನೆ. ಅಷ್ಟೇ. ಕೈ ತೊಳ್ಕೊಂಡು ಬಾ, ಊಟಕ್ಕಾಯ್ತು."

ಪ್ಯಾಂಟು ಎಳೆಯುವುದೆಂದರೆ ಇದೇ ಎಂದುಕೊಂಡೆ. ಕಣ್ಣು ಮುಚ್ಚಿ ಹೆಜ್ಜೆ ಇಟ್ಟುಬಿಟ್ಟೆ.

"ಈ ಸಲದ ಹಬ್ಬದ ಪಂದ್ಯ ನಾನು ಲೋರಿಸ್ ಜೊತೆ ಆಡ್ತೀನಿ."

ಲಟ್ಟಣಿಗೆ ನಿಂತಿತು. ನಾನು ಬಾಗಿಲಿನ ಕಡೆಗೆ ಅರ್ಧ ತಿರುಗಿದೆ. ಲೋರಿಸ್ ನಮ್ಮ ಬೀದಿಯ ಔಷಧಿ ಅಂಗಡಿಯವನು. ಸೌಮ್ಯ, ಬ್ರಹ್ಮಚಾರಿ, ಮುಖ್ಯವಾಗಿ ಗುದ್ದುವವನಲ್ಲ.

"ಸರಿ" ಎಂದಳು ಆರ್ಜಿಯಾ. ಲಟ್ಟಣಿಗೆ ಮತ್ತೆ ಹೊರಳಿತು. "ನಾನು ನೋರ್ಮಾನ ಕೇಳ್ತೀನಿ."

ಅಷ್ಟೇ. ಕೂಗಾಟವಿಲ್ಲ, ಅಳು ಇಲ್ಲ. ಬೇಡ ಎನ್ನುತ್ತಾಳೆ, ನಾನು ಗಂಭೀರವಾಗಿ ನಿರಾಕರಿಸುತ್ತೇನೆ, ಅವಳು ಕೇಳಿಕೊಳ್ಳುತ್ತಾಳೆ, ಕೊನೆಗೆ ನಾನು ಉದಾರವಾಗಿ ಕ್ಷಮಿಸುತ್ತೇನೆ ಎಂದೆಲ್ಲ ಮೆಟ್ಟಿಲು ಹತ್ತುವಾಗ ನಾಲ್ಕಂಕದ ನಾಟಕವನ್ನೇ ಕಟ್ಟಿಕೊಂಡಿದ್ದೆ. ಪರದೆ ಏಳುವ ಮೊದಲೇ ನಾಟಕ ಮುಗಿಯಿತು.

ಲೋರಿಸ್ ಜೊತೆ ಅಭ್ಯಾಸ ಶುರುವಾಯಿತು. ಆಹಾ, ಎಂಥ ಜೊತೆಗಾರ! ನಾನು ಏನು ಹಾಕಿದರೂ "ಪರವಾಗಿಲ್ಲ ಮೇಷ್ಟ್ರೆ" ಎನ್ನುತ್ತಿದ್ದ. ಚಂದ್ರನನ್ನು ಇಟ್ಟುಕೊಂಡರೆ ಪರವಾಗಿಲ್ಲ, ಕಳೆದುಕೊಂಡರೆ ಪರವಾಗಿಲ್ಲ. ಮೊದಲ ವಾರ ಸ್ವರ್ಗದಲ್ಲಿದ್ದೆ. ಎರಡನೆಯ ವಾರ ಅನುಮಾನ ಬಂತು. ಆಡಿದ್ದು ಸರಿಯೋ ತಪ್ಪೋ ತಿಳಿಯುವುದೇ ಇಲ್ಲವಲ್ಲ! ಉಪ್ಪು ಹಾಕದ ಸಾರು ಎಷ್ಟು ಬಿಸಿಯಿದ್ದರೇನು? ಆಟ ಮುಗಿಸಿ ಒಬ್ಬನೇ ಮನೆಗೆ ನಡೆಯುವಾಗ ಕಮಾನುಗಳ ಕೆಳಗೆ ನನ್ನ ಬೂಟಿನ ಸದ್ದು ಮಾತ್ರ ಕೇಳುತ್ತಿತ್ತು. ಒಂದು ದಿನ ಯಾರೂ ಇಲ್ಲವೆಂದು ನೋಡಿಕೊಂಡು, "ಹುಣ್ಣಿಮೆ ಆಗ್ಲಿ ಅಂತಾನಾ?" ಎಂದು ನಾನೇ ಗಟ್ಟಿಯಾಗಿ ಹೇಳಿ ನೋಡಿದೆ. ರುಚಿಯಾಗಲಿಲ್ಲ.

ಮನೆಯಲ್ಲಿ ಅಡುಗೆಮನೆ ಶತ್ರುಗಳ ಪಾಳೆಯವಾಗಿತ್ತು. ನೋರ್ಮಾ ತಾಜಾ ಪಾಸ್ತಾ ಮಾರುವ ಅಂಗಡಿಯವಳು, ವಿಧವೆ, ನಕ್ಕರೆ ಪಾತ್ರೆಗಳು ಅದುರುತ್ತವೆ. ಅವರಿಬ್ಬರೂ ಅಭ್ಯಾಸ ಮಾಡುವಾಗ ನಾನು ಒಳಗೆ ಕಾಲಿಡುವಂತಿರಲಿಲ್ಲ.

"ಮೇಷ್ಟ್ರೆ, ಗೂಢಚಾರಿಕೆ ಮಾಡ್ಬೇಡಿ!" ಎಂದು ನೋರ್ಮಾ ಕೂಗುತ್ತಿದ್ದಳು.

"ನೀರು ಕುಡಿಯಲು ಬಂದೆ."

"ಔಷಧಿ ಅಂಗಡೀಲಿ ನೀರು ಕೊಡಲ್ವಂತಾ?" ಎನ್ನುತ್ತಿದ್ದಳು ಆರ್ಜಿಯಾ, ಎಲೆಯಿಂದ ಕಣ್ಣೆತ್ತದೆ.

ಹಬ್ಬದ ದಿನ ಬಂತು. ಕ್ಲಬ್ಬಿನ ಸಭಾಂಗಣ ತುಂಬಿತ್ತು. ಬಹುಮಾನವಾದ ಇಡೀ ಮೊರ್ತದೆಲ್ಲಾವನ್ನು, ಹಂದಿಮಾಂಸದ ಆ ಮಹಾಸ್ತಂಭವನ್ನು, ರಿಬ್ಬನ್ ಕಟ್ಟಿ ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಮರುಳನ ದಯೆಯೋ ಲೋರಿಸ್‌ನ ಪುಣ್ಯವೋ, ನಮಗೆ ಒಳ್ಳೊಳ್ಳೆಯ ಎಲೆ ಬಿದ್ದವು. ಒಂದಾದ ಮೇಲೊಂದು ಜೋಡಿಯನ್ನು ಸೋಲಿಸಿದೆವು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಕೋಟಿನ ಗುಂಡಿ ಬಿಚ್ಚಬೇಕಾಯಿತು. ಸಂಜೆಗೆ ಉಳಿದದ್ದು ಎರಡೇ ಜೋಡಿ: ನಾನು ಮತ್ತು ಲೋರಿಸ್, ಆರ್ಜಿಯಾ ಮತ್ತು ನೋರ್ಮಾ.

ಆರ್ಜಿಯಾ ನನ್ನ ಪಕ್ಕದಲ್ಲಿ ಕೂತಳು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಮೇಜಿನ ಮುಂದೆ ಅವಳ ಮುಖದ ಬದಲು ಕಿವಿ ನೋಡಿದೆ. ಆ ಓಲೆ ನಾನೇ ತಂದುಕೊಟ್ಟದ್ದು.

"ಆರೋಗ್ಯ ಹೇಗಿದೆ, ಸ್ವತಂತ್ರ ಪುರುಷರೇ?" ಎಂದಳು.

"ಚೆನ್ನಾಗಿದೆ. ನಿನ್ನದು?"

"ನನಗೇನು ಧಾಡಿ."

ಎಲೆ ಹಂಚಿದರು. ನನ್ನ ಕೈ ನೋಡಿದೆ. ದೇವದೂತ! ಎಲ್ಲಕ್ಕಿಂತ ದೊಡ್ಡ ತುರುಪು. ಭೂಮಿ, ಆಕಾಶ, ಪಾತಾಳದಲ್ಲಿ ಅದನ್ನು ಹೊಡೆಯುವ ಎಲೆ ಇಲ್ಲ. ಕೊನೆಯ ಸುತ್ತಿಗೆ ಹೆಚ್ಚಿನ ಅಂಕವಿರುವುದರಿಂದ ಬುದ್ಧಿಯಿರುವವನು ದೇವದೂತನನ್ನು ಕೊನೆಯವರೆಗೆ ಬಚ್ಚಿಡುತ್ತಾನೆ. ಅದು ನಮ್ಮೂರಿನ ತೊಟ್ಟಿಲ ಕೂಸಿಗೂ ಗೊತ್ತು. ನಾನೂ ಬಚ್ಚಿಟ್ಟೆ. ಎದುರಿಗೆ ಲೋರಿಸ್ ಸೌಮ್ಯವಾಗಿ ಮುಗುಳ್ನಕ್ಕ. ಆಟ ಸಾಗಿತು.

ಆರ್ಜಿಯಾಳ ಸರದಿ ಬಂತು. ಸಣ್ಣದೊಂದು ತುರುಪು ಹಾಕಿದಳು. ಹಾಕಿ, ಎದುರಿಗಿದ್ದ ನೋರ್ಮಾಳನ್ನು ನೋಡುತ್ತಾ, ಗುದ್ದಿದಳು.

ಓದುಗರೇ, ಮುಂದೆ ನಡೆದುದಕ್ಕೆ ನಾನು ಹೊಣೆಯಲ್ಲ. ನನ್ನ ಬಲಗೈ ಹೊಣೆ. ಆ ಗುದ್ದು ಕಿವಿಗೆ ಬಿದ್ದದ್ದೇ ತಡ, ನನ್ನ ತಲೆಯನ್ನು ಒಂದು ಮಾತೂ ಕೇಳದೆ ಕೈ ತಾನಾಗಿ ಹೊರಟಿತು. ದೇವದೂತ ರೆಕ್ಕೆ ಬಿಚ್ಚಿ ಮೇಜಿನ ಮೇಲೆ ಇಳಿದ. ಸುತ್ತು ನನಗೇ ಬಂತು, ನಿಜ, ಆದರೆ ಅದರಲ್ಲಿದ್ದದ್ದೇನು? ಒಂದಕ್ಕೂ ಬಾರದ ಚಿಲ್ಲರೆ ಎಲೆಗಳು. ಸೊಳ್ಳೆ ಹೊಡೆಯಲು ಫಿರಂಗಿ ಹಾರಿಸಿದ್ದೆ. ಅಲ್ಲಿಗಾದರೂ ನಿಂತಿತೇ? ಗುದ್ದಿನ ಆಜ್ಞೆಗೆ ಎರಡನೆಯ ಭಾಗವೂ ಉಂಟಲ್ಲ! ಗೆದ್ದ ಕೈ ವಿಧೇಯವಾಗಿ ಇನ್ನೊಂದು ತುರುಪನ್ನು ತೆಗೆದು ಅವಳ ಮುಂದೆಯೇ ಇಟ್ಟಿತು. ಅಲ್ಲಿಂದ ಆಚೆಗೆ ಅವರಿಬ್ಬರೂ ದ್ರಾಕ್ಷಿ ಕೊಯ್ಲು ಮಾಡಿದಂತೆ ಸುತ್ತುಗಳನ್ನು ಕೊಯ್ದುಕೊಂಡರು.

ಲೋರಿಸ್ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದ.

"ಪರ... ಪರವಾಗಿಲ್ಲ ಮೇಷ್ಟ್ರೆ."

ಆರ್ಜಿಯಾ ನನ್ನನ್ನು ಓರೆಗಣ್ಣಿನಿಂದ ನೋಡಿದಳು. ಸಂತೆಯಲ್ಲಿ ಕುಂಬಳಕಾಯಿಯನ್ನು ತಟ್ಟಿ, ಸದ್ದು ಚೆನ್ನಾಗಿ ಬಂದಾಗ ನೋಡುವ ನೋಟ ಅದು.

ಮುಂದಿನ ಹಂಚಿಕೆ. ಈ ಸಲ ನನ್ನ ಕೈಗೆ ಲೋಕ ಬಂತು. ದೇವದೂತನ ನಂತರದ ದೊಡ್ಡ ತುರುಪು ಅದು. ಇನ್ನು ಜನ್ಮದಲ್ಲಿ ಮೋಸ ಹೋಗೆನೆಂದು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಎಡಗೈಯಲ್ಲಿ ಆಡತೊಡಗಿದೆ. ಲ್ಯಾಟಿನ್ ಕ್ರಿಯಾಪದಗಳನ್ನು ಮನಸ್ಸಿನಲ್ಲೇ ಜಪಿಸಿದೆ. ಆರ್ಜಿಯಾ ಸಣ್ಣ ತುರುಪು ಹಾಕಿದಳು. ಅವಳ ಮುಷ್ಟಿ ಮೇಲೆದ್ದದ್ದು ಕಂಡಿತು. 'ಇಲ್ಲ, ಇಲ್ಲ, ಇಲ್ಲ' ಎಂದುಕೊಂಡೆ. ಗುದ್ದು ಬಿತ್ತು.

ಎಡಗೈಗೂ ಅದು ಗೊತ್ತಿತ್ತು.

ಲೋಕ ಮೇಜಿನ ಮೇಲೆ ಬಿತ್ತು. ನನ್ನ ಹಿಂದೆಯೇ ನೋರ್ಮಾ ಪಾತ್ರೆ ಅದುರುವಂತೆ ನಕ್ಕು ದೇವದೂತನನ್ನು ಅದರ ಮೇಲೆ ಇಟ್ಟಳು. ಋಷಿಗಳು ತಪಸ್ಸು ಮಾಡಿ ಲೋಕವನ್ನು ತ್ಯಜಿಸುತ್ತಾರೆ. ನನಗೆ ಹೆಂಡತಿಯ ಒಂದು ಗುದ್ದು ಸಾಕಾಯಿತು.

ಆಗ ಲೋರಿಸ್ ಎದ್ದು ನಿಂತ. ಸೌಮ್ಯನಾದ ಆ ಬ್ರಹ್ಮಚಾರಿಯ ಬಾಯಿಂದ ಹೊರಟ ಮಾತುಗಳನ್ನು ಬರೆಯಲಾರೆ. ಅವುಗಳಲ್ಲಿ ಕೆಲವನ್ನು ನಾನು ನಿಘಂಟಿನಲ್ಲೂ ಕಂಡಿರಲಿಲ್ಲ. ಕೊನೆಗೆ ಅಧ್ಯಕ್ಷರ ಕಡೆಗೆ ತಿರುಗಿ, "ಇದು ಅನ್ಯಾಯ! ಆ ಯಮ್ಮ ನನ್ನ ಜೊತೆಗಾರನಿಗೆ ಸಂಜ್ಞೆ ಮಾಡ್ತಿದಾರೆ!" ಎಂದ.

ಅಧ್ಯಕ್ಷರು ಬಹಳ ಹೊತ್ತು ಮೀಸೆ ತಿರುವಿದರು. "ಗುದ್ದೋದು ನಿಯಮಬದ್ಧ. ಯಾರು ಗುದ್ದಬಹುದು ಅಂತ ನಿಯಮದಲ್ಲಿದೆ. ಯಾರು ಕೇಳಬೇಕು ಅಂತ ಇಲ್ಲ. ಕೂತ್ಕೊಳ್ಳಪ್ಪ" ಎಂದು ತೀರ್ಪಿತ್ತರು. ಸಭಾಂಗಣದ ಗಂಡಸರೆಲ್ಲ ತಲೆಯಾಡಿಸಿದರು. ಅವರವರ ಹೆಂಡತಿಯರು ಪಕ್ಕದಲ್ಲೇ ಇದ್ದರು.

ನಾವು ಸೋತ ಬಗೆಯನ್ನು ಇನ್ನು ವಿವರಿಸುವುದು ಅನಗತ್ಯ.

ಮನೆಗೆ ನಡೆದೆವು. ಮೊರ್ತದೆಲ್ಲಾ ಗೆದ್ದವಳು ಅವಳು, ಹೊತ್ತವನು ನಾನು. ನೋರ್ಮಾ ತನ್ನ ಪಾಲನ್ನು ನಾಳೆ ಬಂದು ಕೊಯ್ದುಕೊಳ್ಳುತ್ತೇನೆಂದಿದ್ದಳು. ಕಮಾನುಗಳ ಕೆಳಗೆ ಬೈಗುಳಕ್ಕಾಗಿ ಕಾದೆ. ಬರಲಿಲ್ಲ. ಆರ್ಜಿಯಾ ಏನೋ ಹಾಡು ಗುನುಗುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ.

"ಒಂದು ಮಾತು ಕೇಳ್ಲಾ? ಆ ಗುದ್ದು ಯಾರಿಗೆ?"

"ಮೊದಲ್ನೇದು ನೋರ್ಮಾಗೆ. ದೇವರಾಣೆ."

"ಎರಡನೇದು?"

"ಎರಡನೇದು ನಿನಗೇ" ಎಂದಳು. ಒಂದು ಚೂರೂ ನಾಚಿಕೆಯಿಲ್ಲ. "ಎಷ್ಟು ಚೆನ್ನಾಗಿ ಕೇಳಿದೆಯೋ ಎರ್ಮೆಸ್! ನನಗೆ ಕಣ್ಣಲ್ಲಿ ನೀರೇ ಬಂತು."

ಅವಳ ಸ್ವರದಲ್ಲಿ ಅಷ್ಟು ಅಕ್ಕರೆಯಿತ್ತು. ಇದೇ ಸಮಯವೆಂದು ಮಹಾಸ್ತಂಭವನ್ನು ಹೆಗಲು ಬದಲಾಯಿಸಿಕೊಂಡು ಹೇಳಿದೆ, "ಆರ್ಜಿಯಾ, ನನಗೆ ಬುದ್ಧಿ ಬಂತು. ಸ್ವಾತಂತ್ರ್ಯ ಸಾಕು. ಮುಂದಿನ ವರ್ಷ ಮೊದಲಿನ ಹಾಗೆ ನಾವಿಬ್ಬರೇ. ನೀನು ಆ ಕುರ್ಚಿ, ನಾನು ಈ ಕುರ್ಚಿ."

ಅವಳು ನಿಂತಳು. ನನ್ನ ಕೋಟಿನ ಗುಂಡಿಯನ್ನು ಪ್ರೀತಿಯಿಂದ ಹಾಕಿದಳು.

"ಬೇಡಪ್ಪ."

"ಬೇಡವೇ?"

"ನನ್ನ ಜೊತೆಗಾರ ಆಗಿದ್ದಾಗ ಯಾವತ್ತಾದ್ರೂ ಗುದ್ದಿದ ತಕ್ಷಣ ಎಲೆ ಹಾಕಿದೀಯಾ? ಯೋಚನೆ ಮಾಡ್ತಿದ್ದೆ. ಶತ್ರು ಆದ್ಮೇಲೆ ನೋಡು, ಎಂಥ ಚಿನ್ನದಂಥ ಮನುಷ್ಯ ಆದೆ! ಇಲ್ಲ ಎರ್ಮೆಸ್, ನೀನು ಆ ಕಡೆಗೇ ಇರು. ಅಲ್ಲೇ ನನಗೆ ಉಪಯೋಗ."

"ಲೋರಿಸ್ ಇನ್ನು ನನ್ನ ಮುಖ ನೋಡೋದಿಲ್ಲವಲ್ಲ!"

"ಅದು ನನಗೆ ಬಿಡು."

ಮಾರನೆಯ ಬೆಳಿಗ್ಗೆ ಮೊರ್ತದೆಲ್ಲಾದ ದಪ್ಪ ತುಂಡೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಔಷಧಿ ಅಂಗಡಿಗೆ ಹೋದಳು. ಏನು ಹೇಳಿದಳೋ, ಹೇಗೆ ಹೇಳಿದಳೋ, ಕೌಂಟರಿಗೆ ಗುದ್ದಿದಳೋ, ನಾನರಿಯೆ. ಲೋರಿಸ್ ಒಪ್ಪಿಕೊಂಡಿದ್ದಾನೆ. ಅಂದಿನಿಂದ ನಾನು ಊರೆಲ್ಲ ಬಲ್ಲ ಸ್ವತಂತ್ರ ಪುರುಷ. ಈ ಸ್ವಾತಂತ್ರ್ಯವನ್ನು ದಯವಿಟ್ಟು ರದ್ದು ಮಾಡಬೇಕೆಂದು ನಾನು ಹಲವು ಸಲ ಅಡುಗೆಮನೆಗೆ ಮನವಿ ಸಲ್ಲಿಸಿದ್ದೇನೆ. ಪ್ರತಿ ಸಲವೂ ಅದು ವಿಚಾರಣೆಯಿಲ್ಲದೆ ವಜಾ ಆಗಿದೆ.